ನನ್ನದಲ್ಲದ ಪುಸ್ತಕದಲ್ಲಿ ನನ್ನದೇ ತಪ್ಪು

ಗ್ರಂಥಮಂಡಳಿಯ ಸಂಪಾದಕರ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಸಮಿತಿ ನನಗೆ ಕಳಿಸಿದ ಪತ್ರ ಒಂದೇ ಹಾಳೆಯದು. ಅದರಲ್ಲಿ ಎರಡು ಪ್ಯಾರಾಗಳಿವೆ. ಮೊದಲನೆಯದರ ಪ್ರಕಾರ, ಹಸುಗೂಸಿನ ಮೊದಲ ವರ್ಷದ ಬಗೆಗಿನ ಕೈಪಿಡಿಯನ್ನು ಸಂಪಾದಿಸಿದವಳು ನಾನಲ್ಲ. ಆದ್ದರಿಂದ ಆ ಪುಸ್ತಕವನ್ನು ನನ್ನ ಹೆಸರಿಗೆ ಪರಿಗಣಿಸಲು ಬರುವುದಿಲ್ಲ. ಎರಡನೆಯದರ ಪ್ರಕಾರ, ಅದೇ ಕೈಪಿಡಿಯ ಪದಸೂಚಿಯಲ್ಲಿ ಗಂಭೀರ ದೋಷ ಎಸಗಿರುವುದನ್ನು ಸಂದರ್ಶನದಲ್ಲಿ ನಾನೇ ಒಪ್ಪಿಕೊಂಡಿರುವುದರಿಂದ, ನಾನು ಸಂಪಾದಕಿಯಾಗಲು ಅರ್ಹಳಲ್ಲ. ಎರಡೂ ಪ್ಯಾರಾಗಳ ಕೆಳಗಿರುವುದು ಒಂದೇ ಸಹಿ, ನಿಮ್ಮದು. ಅಂದರೆ ಪುಸ್ತಕ ನನ್ನದಲ್ಲ, ಅದರ ತಪ್ಪು ಮಾತ್ರ ನನ್ನದು. ಮಗು ಪಕ್ಕದ ಮನೆಯದು, ಅದು ಒಡೆದ ಕಿಟಕಿಯ ಗಾಜು ಮಾತ್ರ ನಮ್ಮದು. ಇಷ್ಟು ಅಚ್ಚುಕಟ್ಟಾದ ನ್ಯಾಯವನ್ನು ಒಂದೇ ಹಾಳೆಯಲ್ಲಿ ಹಿಡಿಸಿದ ನಿಮ್ಮ ಕಚೇರಿಯ ಮಿತವ್ಯಯವನ್ನು ಮೊದಲು ಅಭಿನಂದಿಸುತ್ತೇನೆ.

ಆ ಪತ್ರವನ್ನು ಹದಿನೇಳು ಸಲ ಓದಿದ್ದೇನೆ. ಕರಡು ತಿದ್ದುವುದು ನನ್ನ ಕಸುಬು. ಒಂದು ಪ್ಯಾರಾ ಇನ್ನೊಂದರ ಕತ್ತು ಹಿಸುಕುತ್ತಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಕೈಗೆ ಅಂಟಿದ ಚಾಳಿ. ನಿಮ್ಮ ಪತ್ರದ ಅಂಚಿನಲ್ಲೂ ಹಾಕಿಬಿಟ್ಟೆ. ಆಮೇಲೆ ನೆನಪಾಯಿತು, ಇದು ಕರಡಲ್ಲ, ಆದೇಶ.

ಈ ಪತ್ರವನ್ನು ಹೊರಗಿನವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿರುವುದರಿಂದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ನಿಮ್ಮ ಮಂಡಳಿಯ ಯೋಜನೆಯಲ್ಲಿ ಅಚ್ಚಾಗುವ ಪುಸ್ತಕಗಳನ್ನು ನಿಮ್ಮ ಪಟ್ಟಿಯಲ್ಲಿರುವ ಸಂಪಾದಕರೇ ಮಾಡಬೇಕು. ಪಟ್ಟಿಗೆ ಸೇರಲು ಮೂರು ಪುಸ್ತಕಗಳಲ್ಲಿ, ಮುದ್ರಣದ ವಿವರ ಇರುವ ಪುಟದಲ್ಲಿ, 'ಸಂಪಾದನೆ' ಎಂಬ ಮಾತಿನ ಮುಂದೆ ನಮ್ಮ ಹೆಸರಿರಬೇಕು. ಪಟ್ಟಿ ತೆರೆಯುವುದು ಮೂರು ವರ್ಷಕ್ಕೊಮ್ಮೆ. ಈ ಸಲ ಅದು ಬರುವ ತಿಂಗಳ ಒಂದರಂದು ಮುಚ್ಚುತ್ತದೆ. ನನ್ನ ಬಳಿ ಎರಡು ಪುಸ್ತಕಗಳಿವೆ. ಮೂರನೆಯದು ನಾನು ಮೇಲೆ ಹೇಳಿದ, ನನ್ನದಾಗಿಯೂ ನನ್ನದಲ್ಲದ ಕೈಪಿಡಿ.

ನಾನು ಈ ವೃತ್ತಿಗೆ ಬಂದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಪದವಿ ಪತ್ರದ ಶಾಯಿ ಆರುವ ಮೊದಲು. ಪುಸ್ತಕಗಳ ನಡುವೆ ಬದುಕಬೇಕು ಎಂಬುದೊಂದೇ ಹುಚ್ಚು. ಸಿಕ್ಕಿದ್ದು 'ಓದಿ ಹೇಳುವವಳ' ಕೆಲಸ. ಎದುರು ಕೂತವರು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟಿರುತ್ತಾರೆ. ನಾನು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಚಿಹ್ನೆಗಳ ಸಮೇತ. 'ಅವನು ಬಂದ ಅಲ್ಪವಿರಾಮ ಕೂತ ಅಲ್ಪವಿರಾಮ ಏನೂ ಹೇಳಲಿಲ್ಲ ಪೂರ್ಣವಿರಾಮ ಹೊಸ ಪ್ಯಾರಾ.' ದಿನಕ್ಕೆ ಏಳು ಗಂಟೆ ಹೀಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮನೆಯ ಮಾತಿನ ತುದಿಗೂ ಚಿಹ್ನೆಗಳು ಜೋತುಬೀಳತೊಡಗಿದವು. ಮದುವೆಯಾದ ಹೊಸತರಲ್ಲಿ ಜಗಳವಾಡಿ, "ನಿನ್ನ ಹತ್ರ ನಂಗಿನ್ನು ಮಾತೇ ಬೇಡ, ಪೂರ್ಣವಿರಾಮ" ಎಂದಿದ್ದೆ. ಗಂಡ ಐದು ನಿಮಿಷ ಬಿಟ್ಟು ಬಂದು, "ಹೊಸ ಪ್ಯಾರಾ ಎಷ್ಟೊತ್ತಿಗೆ?" ಎಂದು ಕೇಳಿ ನಗಿಸಿಬಿಟ್ಟ.

ಓದಿ ಹೇಳುವವಳು ಕರಡು ತಿದ್ದುವವಳಾದೆ, ಆಮೇಲೆ ಸಹಾಯಕಿಯಾದೆ. ಎಂಟು ವರ್ಷ ಹಿಡಿಯಿತು. ಅಂದಿನಿಂದ ಇಂದಿನವರೆಗೂ ನನ್ನ ಎದುರಿನ ಕುರ್ಚಿಯಲ್ಲಿರುವವಳು ಒಬ್ಬ ಗೆಳತಿ. ವಾಕ್ಯ ಕಂಡಲ್ಲೆಲ್ಲ ಅಲ್ಪವಿರಾಮ ತುರುಕುತ್ತಾಳೆ, ಹಾಗಾಗಿ ಇಡೀ ಪ್ರಕಾಶನ ಸಂಸ್ಥೆ ಅವಳನ್ನು ಕರೆಯುವುದೇ ಅಲ್ಪವಿರಾಮ ಎಂದು. ಈ ಕಥೆಯಲ್ಲಿ ಅವಳೂ ಬರುತ್ತಾಳೆ. ನಿಮ್ಮ ಕಚೇರಿಯವರು ಊಹಿಸಿದಂತೆ ಖಳನಾಯಕಿಯಾಗಿ ಅಲ್ಲ.

ಕೈಪಿಡಿ ಬರೆದವರು ಎಪ್ಪತ್ತಮೂರು ವರ್ಷದ ಮಕ್ಕಳ ವೈದ್ಯೆ. ನಲವತ್ತು ವರ್ಷ ಔಷಧಿ ಚೀಟಿ ಬರೆದ ಕೈಯಲ್ಲೇ ಪುಸ್ತಕವನ್ನೂ ಬರೆದಿದ್ದರು. ಅಂದರೆ ಅದನ್ನು ಔಷಧಿ ಅಂಗಡಿಯವರು ಮಾತ್ರ ಓದಬಹುದಿತ್ತು. ಹತ್ತೊಂಬತ್ತು ಅಧ್ಯಾಯ. ಮೊದಲ ಭೇಟಿಯಲ್ಲೇ ಧೈರ್ಯ ಮಾಡಿ, "ಇಷ್ಟೆಲ್ಲ ಓದೋಕೆ ತಾಯಂದಿರಿಗೆ ಪುರಸೊತ್ತೆಲ್ಲಿ ಡಾಕ್ಟ್ರೇ?" ಎಂದೆ.

"ನಿಂಗೆ ಮಕ್ಕಳಿದಾವಾ?"

"ಇಲ್ಲ."

"ಮತ್ತೆ?"

"ಓದುಗರು ಇದಾರೆ."

ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಸರಿ, ಕೊಯ್ಯಿ," ಎಂದರು.

ಕೊಯ್ದೆ. ಹತ್ತೊಂಬತ್ತು ಅಧ್ಯಾಯ ಹನ್ನೊಂದಾಯಿತು. ಅವರು ಎರಡು ಸಲ ಫೋನಿನಲ್ಲಿ ಕೂಗಾಡಿದರು, ಒಂದು ಸಲ ಅತ್ತರು, ಕೊನೆಗೆ "ನಾನು ಬರೆದಿದ್ದಕ್ಕಿಂತ ನಾನು ಹೇಳಬೇಕಂದಿದ್ದೇ ಇದರಲ್ಲಿದೆ" ಎಂದರು. ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ, ಮಾನ್ಯರೇ. ಕೆಲಸದ ನಡುವೆ ನಾನು ಬಸುರಿಯಾದೆ. ಪುಸ್ತಕವೂ ಕೂಸೂ ಜೊತೆಜೊತೆಗೆ ಬೆಳೆದವು ಎಂದು ಬರೆಯುವ ಆಸೆಯಾಗುತ್ತಿದೆ. ಬೇರೆಯವರ ಬರಹದಲ್ಲಿ ಅಂಥ ವಾಕ್ಯ ಕಂಡಿದ್ದರೆ ಗೆರೆ ಎಳೆದು ಹೊಡೆದುಹಾಕುತ್ತಿದ್ದೆ.

ಕಟ್ಟಕಡೆಯದಾಗಿ ಮಾಡಿದ್ದು ಪದಸೂಚಿ. ಪುಸ್ತಕದ ಹಿಂದೆ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಹೇಳುವ ಆ ನಾಲ್ಕು ಪುಟಗಳನ್ನು ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಬೈಯುತ್ತಾರೆ. ಒಂಬತ್ತನೇ ತಿಂಗಳಲ್ಲಿ, ಹೊಟ್ಟೆಯ ಮೇಲೆಯೇ ರಟ್ಟಿನ ಚಪ್ಪಲಿ ಡಬ್ಬಿ ಇಟ್ಟುಕೊಂಡು, ಅದರೊಳಗೆ ಮುನ್ನೂರ ಹತ್ತು ಚೀಟಿಗಳನ್ನು ಜೋಡಿಸಿದೆ. ಚೀಟಿಗೊಂದು ಪದ, ಪದದ ಕೆಳಗೆ ಪುಟಸಂಖ್ಯೆ. ಒಂದೇ ವಿಷಯಕ್ಕೆ ಎರಡು ಪದಗಳಿದ್ದರೆ ಒಂದರಲ್ಲಿ ಪುಟಸಂಖ್ಯೆ ಕೊಟ್ಟು, ಇನ್ನೊಂದರಲ್ಲಿ 'ನೋಡಿ' ಎಂದು ಆ ಕಡೆ ಕೈ ತೋರಿಸುವುದು ಕ್ರಮ. ಕೂಸು ಒಳಗಿಂದ ಒದ್ದಾಗ ಡಬ್ಬಿ ಅಲುಗುತ್ತಿತ್ತು. ಅತ್ತೆ ನೋಡಿ, "ಈಗ್ಲೇ ತಿದ್ದೋಕೆ ಶುರು ಮಾಡಿದಾಳೆ ನೋಡು," ಎನ್ನುತ್ತಿದ್ದರು. ಹೆಣ್ಣೇ ಎಂದು ಅವರಿಗೆ ಅದು ಹೇಗೋ ಗೊತ್ತಿತ್ತು.

ನಮ್ಮ ಪ್ರಕಾಶನದಲ್ಲಿ ಒಂದು ರೂಢಿ ಇದೆ. ಕೊನೆಯ ಕರಡಿನ ಮೇಲೆ 'ಅಚ್ಚಿಗೆ ಹೋಗಲಿ' ಎಂದು ಬರೆದು ಯಾರು ಸಹಿ ಮಾಡುತ್ತಾರೋ, ಅಕ್ಷರ ಜೋಡಿಸುವವರು ಅವರ ಹೆಸರನ್ನೇ ಸಂಪಾದಕರ ಜಾಗದಲ್ಲಿ ಕೂರಿಸುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಪುಸ್ತಕ ಮಾಡಿದವರೇ ಸಹಿಯನ್ನೂ ಮಾಡುತ್ತಾರೆ ಎಂಬ ನಂಬಿಕೆ. ನನ್ನ ಕೈಪಿಡಿಯ ಕೊನೆಯ ಕರಡು ಮೇಜಿಗೆ ಬಂದದ್ದು ಬೆಳಗ್ಗೆ ಹನ್ನೊಂದಕ್ಕೆ. ಅದೇ ಮೇಜಿನಿಂದ ನನ್ನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದದ್ದು ಹತ್ತೂವರೆಗೆ. ಅರ್ಧ ಗಂಟೆ, ಮಾನ್ಯರೇ. ನನ್ನ ಮಗಳು ಅಮ್ಮನ ವೃತ್ತಿಯ ಬಗ್ಗೆ ಸ್ವಲ್ಪ ಕಾಳಜಿ ತೋರಿ ಊಟದ ಹೊತ್ತಿನವರೆಗೆ ಕಾದಿದ್ದರೆ ನೀವೂ ನಾನೂ ಇವತ್ತು ಪರಿಚಯವೇ ಇಲ್ಲದ ಸುಖದಲ್ಲಿರುತ್ತಿದ್ದೆವು. ಅಚ್ಚಿನ ಯಂತ್ರ ಕಾಯುತ್ತಿತ್ತು. ಅಲ್ಪವಿರಾಮ ಸಹಿ ಮಾಡಿದಳು. ನಾನು ಹೆರುತ್ತಿದ್ದೆ, ಅವಳು ಸಹಿ ಮಾಡುತ್ತಿದ್ದಳು. ಇಬ್ಬರೂ ಆ ಹೊತ್ತಿಗೆ ಮಾಡಬೇಕಾದ ಕೆಲಸವನ್ನೇ ಮಾಡಿದೆವು. ಇನ್ನು ಮುದ್ರಣ ವಿವರದ ಪುಟವೋ, ಏಳೆಂಟು ಜನರ ಕಣ್ಣು ಹಾದು ಬರುವ ಪುಸ್ತಕದಲ್ಲಿ ಯಾರೂ ಓದದ ಪುಟ ಅದೊಂದೇ.

ಹೊಸ ಪ್ರತಿಯನ್ನು ಮನೆಗೆ ತಂದವಳೂ ಅವಳೇ. ಬಾಗಿಲಲ್ಲೇ ನಿಂತು ಅಳತೊಡಗಿದಳು. "ನನ್ನ ಹೆಸರು ಬೀಳತ್ತೆ ಅಂತ ತಲೆಗೇ ಹೊಳೀಲಿಲ್ಲ ಕಣೇ. ನಿಂದನ್ನ ಕದ್ದ ಹಾಗಾಯ್ತು."

"ಕದಿಯೋದಾದ್ರೆ ಈ ಕೂಸನ್ನ ಕದಿ," ಎಂದೆ, "ಎರಡು ಗಂಟೆ ಮಲಗಿ ಏಳ್ತೀನಿ. ಆಮೇಲೆ ಪೊಲೀಸರಿಗೆ ಹೇಳೋಣ."

ಆಗ ನಗು ಬಂದಿತ್ತು. ಹೆಸರೊಂದು ಸಣ್ಣ ವಿಷಯ, ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಸರಿಮಾಡುವುದೇ ನನ್ನ ಕೆಲಸವಾಗಿದ್ದರಿಂದ ಲೋಕವೆಲ್ಲ ಹಾಗೇ ನಡೆಯುತ್ತದೆ ಎಂಬ ಭ್ರಮೆ.

ಈಗ ನಾನು ಒಪ್ಪಿಕೊಂಡ ಆ 'ಗಂಭೀರ ದೋಷ'ಕ್ಕೆ ಬರುತ್ತೇನೆ. ಆಗ ಮಗಳಿಗೆ ಮೂರು ತಿಂಗಳು. ಅವಳು ಮಲಗುವುದಿಲ್ಲ. ಮಲಗಿದರೆ ನಾನು ಮಲಗುವುದಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ಕೂರುತ್ತೇನೆ. ಬೆರಳು ತಾಗಿ ಅವಳು ಏಳುತ್ತಾಳೆ. ನನ್ನ ಭಯವೇ ಅವಳನ್ನು ಎಬ್ಬಿಸುವುದು ಎಂದು ಗೊತ್ತು, ಗೊತ್ತಿದ್ದೂ ಬೆರಳಿಡುತ್ತೇನೆ. ಹಾಗೆ ಒಂದು ಮಧ್ಯಾಹ್ನ ಭುಜದ ಮೇಲೆ ಅವಳನ್ನು ಹಾಕಿಕೊಂಡು ಕೋಣೆಯ ಉದ್ದಕ್ಕೂ ನಡೆಯುತ್ತಿದ್ದಾಗ ಅತ್ತೆ ಕೇಳಿದರು: "ವರ್ಷಗಟ್ಟಲೆ ಕೂತು ಅಷ್ಟು ದಪ್ಪ ಪುಸ್ತಕ ಮಾಡಿದೀಯಲ್ಲ, ಮಲಗಿಸೋದು ಹೇಗೆ ಅಂತ ಅದರಲ್ಲಿ ಇಲ್ವಾ?"

ಇತ್ತು! ನಾನೇ ತಿದ್ದಿದ ಅಧ್ಯಾಯ. ಯಾವ ಪುಟ ಎಂಬುದು ನಿದ್ದೆಗೆಟ್ಟ ತಲೆಗೆ ನೆನಪಾಗಲಿಲ್ಲ. ಒಂದೇ ಕೈಯಲ್ಲಿ ಪದಸೂಚಿ ತೆರೆದೆ. 'ನಿದ್ದೆ. ನೋಡಿ: ವಿಶ್ರಾಂತಿ.' ಪುಟ ಮಗುಚಿ ವಿಶ್ರಾಂತಿಗೆ ಹೋದೆ. 'ವಿಶ್ರಾಂತಿ. ನೋಡಿ: ನಿದ್ದೆ.' ನಂಬಿಕೆ ಬರದೆ ಮತ್ತೆ ನಿದ್ದೆಗೆ ಬಂದೆ, ಮತ್ತೆ ವಿಶ್ರಾಂತಿಗೆ ಹೋದೆ.

"ಸಿಕ್ತಾ?" ಎಂದರು ಅತ್ತೆ.

"ಇಲ್ಲ."

"ನಿದ್ದೆ ಅಂತ ನೋಡೇ."

"ಅದನ್ನೇ ನೋಡ್ತಿದೀನಿ ಅತ್ತೆ, ಅದು ನನ್ನನ್ನ ನೋಡ್ತಾ ಇಲ್ಲ."

ಡಬ್ಬಿ ತೆಗೆದು ಚೀಟಿಗಳನ್ನು ಹುಡುಕಿದೆ. ಎರಡೂ ನನ್ನದೇ ಕೈಬರಹ. ಒಂದು ದಿನ ಕೂತು, ಪುಟಸಂಖ್ಯೆಗಳೆಲ್ಲ ವಿಶ್ರಾಂತಿಯ ಕೆಳಗಿರಲಿ ಎಂದು ತೀರ್ಮಾನಿಸಿ ನಿದ್ದೆಯ ಚೀಟಿಯಲ್ಲಿ ಅವನ್ನು ಹೊಡೆದುಹಾಕಿ 'ನೋಡಿ' ಎಂದು ಬರೆದಿದ್ದೇನೆ. ಮಾರನೇ ದಿನ ಅದನ್ನು ಮರೆತು, ತಾಯಂದಿರು ಹುಡುಕುವುದು ನಿದ್ದೆಯನ್ನಲ್ಲವೇ ಎಂದುಕೊಂಡು ವಿಶ್ರಾಂತಿಯ ಚೀಟಿಗೂ ಅದನ್ನೇ ಮಾಡಿದ್ದೇನೆ. ಪುಟಸಂಖ್ಯೆಗಳು ಎರಡರ ನಡುವೆ ಎಲ್ಲೋ ಬಿದ್ದುಹೋಗಿವೆ. ಪದಸೂಚಿ ಮಾಡುವವರಲ್ಲದೆ ಇನ್ನಾರೂ ಮಾಡಲಾಗದ ತಪ್ಪು ಇದು. ಹಿಡಿಯುವುದೂ ಕಷ್ಟ: ಒಂದೊಂದನ್ನೇ ನೋಡಿದರೆ ಎರಡೂ ಸರಿ. ಎರಡನ್ನೂ ಬೆನ್ನಟ್ಟಿ ಹೋದವರಿಗೆ ಮಾತ್ರ ಗೊತ್ತಾಗುತ್ತದೆ, ಅಲ್ಲಿ ಏನೂ ಇಲ್ಲ.

ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ನನ್ನ ಹೆಸರಿಲ್ಲದ್ದಕ್ಕೆ ಅಳದವಳು ಇದಕ್ಕೆ ಕಣ್ಣೀರಿಟ್ಟೆ. ಎಷ್ಟು ಮನೆಗಳಲ್ಲಿ, ಎಷ್ಟು ಹೆಂಗಸರು, ಹೀಗೆಯೇ ಒಂದು ಕೈಯಲ್ಲಿ ಕೂಸು ಇನ್ನೊಂದರಲ್ಲಿ ಪುಸ್ತಕ ಹಿಡಿದು, ಹಿಂದೆ ಮುಂದೆ, ಹಿಂದೆ ಮುಂದೆ ಪುಟ ತಿರುವುತ್ತಿದ್ದಾರೋ? ಮರುವಾರವೇ ವೈದ್ಯೆ ಫೋನು ಮಾಡಿದರು. "ಮೂರು ಜನ ಬಂದು ಹೇಳಿದ್ರು, ನಿಮ್ಮ ಪುಸ್ತಕದಲ್ಲಿ ಎಲ್ಲಾ ಇದೆ, ನಿದ್ದೆ ಒಂದಿಲ್ಲ ಅಂತ. ಎಲ್ಲಿಟ್ಟಿದೀಯೇ ನನ್ನ ನಿದ್ದೆನ?"

ಇದಾದ ಎರಡು ತಿಂಗಳಿಗೆ ನಿಮ್ಮ ಸಂದರ್ಶನ. ಉದ್ದನೆಯ ಮೇಜು, ಮುಚ್ಚಿಟ್ಟ ನೀರಿನ ಜಗ್ಗು, ಆ ಕಡೆ ನೀವು ಮೂವರು. ಈ ಕಡೆ ನಾನು. ಹೊರಗಿನ ಬೆಂಚಿನಲ್ಲಿ ಅತ್ತೆಯ ಮಡಿಲಲ್ಲಿ ಮಗಳು, ಅವಳ ಅಳು ಬಾಗಿಲ ಸಂದಿಯಿಂದ ಬರುತ್ತಿತ್ತು. ನೀವು ಕೇಳಿದ ಮೊದಲ ಪ್ರಶ್ನೆ ನಿಮಗೆ ನೆನಪಿರಲಿಕ್ಕಿಲ್ಲ. "ಮಗು ತುಂಬಾ ಚಿಕ್ಕದು ಅಲ್ವೇನಮ್ಮಾ? ಇದು ಗಮನ ಇಟ್ಟು ಮಾಡ್ಬೇಕಾದ ಕೆಲಸ." ಗಮನ! ಮಾನ್ಯರೇ, ಕೂಸಿನ ಉಸಿರನ್ನು ಎಣಿಸುತ್ತ ಕೂರುವವಳಿಗೆ ಗಮನದ ಬಗ್ಗೆ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಕೈಪಿಡಿಯನ್ನು ಸಂಪಾದಿಸಿದವಳು ನಾನೇ ಎಂದು ವೈದ್ಯೆ ಬರೆದ ಪತ್ರ ಕೊಟ್ಟೆ. ಅಲ್ಪವಿರಾಮ ತಾನಾಗಿಯೇ ಬರೆದುಕೊಟ್ಟ, ಇಪ್ಪತ್ತೆರಡು ಅಲ್ಪವಿರಾಮಗಳಿರುವ ಪತ್ರವನ್ನೂ ಕೊಟ್ಟೆ. ನಿಮ್ಮ ಎಡಗಡೆಯ ಸದಸ್ಯರು ಎರಡನ್ನೂ ಬದಿಗೆ ಸರಿಸಿದರು. "ಪತ್ರ ಯಾರು ಬೇಕಾದ್ರೂ ಬರೀತಾರೆ. ಈ ಪುಸ್ತಕ ನೀವೇ ಮಾಡಿದ್ದು ಅನ್ನೋಕೆ ಪುಸ್ತಕದೊಳಗೆ ಏನಿದೆ ಸಾಕ್ಷಿ?"

ನಾನು ಯೋಚಿಸಿದೆ. ಒಳ್ಳೆಯ ಸಂಪಾದನೆಗೆ ಪುಸ್ತಕದೊಳಗೆ ಸಾಕ್ಷಿ ಇರುವುದಿಲ್ಲ; ಕಂಡರೆ ಅದು ಒಳ್ಳೆಯ ಸಂಪಾದನೆಯೇ ಅಲ್ಲ. ಹೊಲಿಗೆ ಕಾಣದಂತೆ ಹೊಲಿದವಳು ಹೊಲಿದದ್ದು ನಾನೇ ಎಂದು ಹೇಗೆ ತೋರಿಸಬೇಕು? ಉಳಿದದ್ದು ಒಂದೇ. ಚಪ್ಪಲಿ ಡಬ್ಬಿಯ ಆ ಎರಡು ಚೀಟಿಗಳು ನನ್ನ ಚೀಲದಲ್ಲಿದ್ದವು. ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಪದಸೂಚಿ ತೆರೆದಿಟ್ಟೆ. "ಇಲ್ಲೊಂದು ತಪ್ಪಿದೆ," ಎಂದೆ. "ಇದುವರೆಗೆ ನಿಮ್ಮ ಸಮಿತಿಯಲ್ಲಿ ಯಾರಿಗೂ ಗೊತ್ತಿಲ್ಲದ್ದು. ಹೇಗಾಯ್ತು ಅಂತ ಈ ಚೀಟಿಗಳು ಹೇಳ್ತವೆ. ಇದು ನನ್ನದು."

ನೀವು ಪುಟ ತಿರುವಿ ನೋಡಿದಿರಿ. ಹಿಂದೆ ಮುಂದೆ. ನಕ್ಕಿರಿ. ಮೂವರೂ ನಕ್ಕಿರಿ, ನಾನೂ ನಕ್ಕೆ, ಗೆದ್ದೆ ಎಂದುಕೊಂಡೆ. "ಅಲ್ಲಮ್ಮಾ," ಎಂದಿರಿ ನೀವು, "ತಪ್ಪನ್ನ ತೋರಿಸಿ ಹೆಸರು ಕೇಳ್ತಿದೀಯಲ್ಲ!" ಹೆತ್ತವರಿಗೆ ಹೆಗ್ಗಣ ಮುದ್ದು, ಮಾನ್ಯರೇ. ಹೆರದವರು ಯಾರಾದರೂ ಹೆಗ್ಗಣವನ್ನು ತಮ್ಮದೆಂದು ಎತ್ತಿಕೊಂಡು ಬರುತ್ತಾರೆಯೇ? ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಆ ಚೀಟಿಗಳನ್ನು ನಿಮ್ಮ ಗುಮಾಸ್ತರು ಕಡತದಲ್ಲಿ ಹಾಕಿಕೊಂಡರು. ಹನ್ನೆರಡನೇ ದಿನಕ್ಕೆ ಎರಡು ಪ್ಯಾರಾಗಳ ಪತ್ರ ಬಂತು.

ಅಂದಿನಿಂದ ಅಲೆಯುತ್ತಿದ್ದೇನೆ. ಮುದ್ರಣ ವಿವರದ ಪುಟದಲ್ಲಿ ಹೆಸರು ತಿದ್ದಿದ ಚೀಟಿ ಅಂಟಿಸಿಕೊಡಿ ಎಂದು ನಮ್ಮ ಪ್ರಕಾಶಕರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಹುಷಾರಿನವರು. "ತಪ್ಪು ಒಪ್ಪು ಚೀಟಿ ಅಂಟಿಸೋಕೆ ಎಷ್ಟು ಹೊತ್ತು? ಆದ್ರೆ ನಾನಾಗೇ ಅಂಟಿಸಿದ್ರೆ ನಮ್ಮ ಸಂಸ್ಥೆಯ ತಪ್ಪಾಗತ್ತೆ. ಮಂಡಳಿ ಹೇಳಿ ಅಂಟಿಸಿದ್ರೆ ನಿಯಮ ಪಾಲಿಸಿದ ಹಾಗಾಗತ್ತೆ. ಮಂಡಳಿನ ನೋಡು," ಎಂದರು. ನಿಮ್ಮ ಗುಮಾಸ್ತರ ಕಿಟಕಿಯ ಮುಂದೆ ಕೂಸನ್ನು ಎತ್ತಿಕೊಂಡು ನಿಂತೆ. ಅವರು ತಲೆ ಎತ್ತದೆ, "ಚೀಟಿ ಅಂಟಿಸಿದ ಪ್ರತಿ ತನ್ನಿ, ಆಮೇಲೆ ಅಧ್ಯಕ್ಷರು ಪರಿಶೀಲಿಸ್ತಾರೆ. ಪ್ರಕಾಶಕರನ್ನ ನೋಡಿ," ಎಂದರು. ಮಂಡಳಿ. ನೋಡಿ: ಪ್ರಕಾಶಕರು. ಪ್ರಕಾಶಕರು. ನೋಡಿ: ಮಂಡಳಿ. ಆ ಕಿಟಕಿಯ ಎದುರು ನಿಂತಾಗ ನನಗೆ ಒಮ್ಮೆಲೇ ತಲೆ ಹಗುರಾಯಿತು. ನಾನು ಹೆರಿಗೆಗೆ ಹತ್ತಿರವಾಗಿ, ಬೆನ್ನು ನೋವಿನಲ್ಲಿ, ಮರೆವಿನಿಂದ ಮಾಡಿದ ತಪ್ಪನ್ನು ನಿಮ್ಮ ಕಚೇರಿ ಪೂರ್ಣ ಎಚ್ಚರದಲ್ಲಿ, ಮೊಹರು ಹಾಕಿ, ದಿನಕ್ಕೆ ಎಂಟು ಗಂಟೆ ಮಾಡುತ್ತದೆ. ನನ್ನದು ಗಂಭೀರ ದೋಷವಾದರೆ ನಿಮ್ಮದಕ್ಕೆ ಹೆಸರೇನು?

ಇದರಿಂದ ಏನು ಮುಳುಗಿತು ಎಂದು ನೀವು ಕೇಳಬಹುದು. ಹೇಳುತ್ತೇನೆ. ವೈದ್ಯೆ ಎರಡನೇ ಪುಸ್ತಕ ಬರೆದಿದ್ದಾರೆ, ಕೂಸಿನ ಎರಡನೇ ವರ್ಷದ ಬಗ್ಗೆ. ಅದು ನಿಮ್ಮದೇ ಯೋಜನೆಗೆ ಆಯ್ಕೆಯಾಗಿದೆ. ಆದ್ದರಿಂದ ಪಟ್ಟಿಯಲ್ಲಿ ಇಲ್ಲದವರು ಅದನ್ನು ಮುಟ್ಟುವಂತಿಲ್ಲ. ಹಸ್ತಪ್ರತಿ ನಮ್ಮ ಪ್ರಕಾಶಕರ ಕಪಾಟಿನಲ್ಲಿದೆ, ದಾರ ಬಿಚ್ಚಿಲ್ಲ. "ಆ ಹುಡುಗಿ ಅಲ್ದೆ ಇನ್ಯಾರಿಗೂ ಕೊಡಬೇಡಿ, ಉಳಿದವರು ಬರೀ ತಿದ್ದುತಾರೆ, ಅವಳು ಕೊಯ್ತಾಳೆ," ಎಂದು ವೈದ್ಯೆ ಹಟ ಹಿಡಿದಿದ್ದಾರೆ. ಮೂರು ವರ್ಷ ಕಾಯಬಹುದು ಎನ್ನುತ್ತಾರೆ ನಿಮ್ಮ ಗುಮಾಸ್ತರು. ನಾನು ಕಾಯಬಹುದು. ಎಪ್ಪತ್ತಮೂರು ವರ್ಷದವರು ಕಾಯಬಹುದೇ? ಹೋದ ವಾರ ಅವರ ಕೈ ನಡುಗುವುದನ್ನು ನೋಡಿದೆ. ಅವರ ಅಕ್ಷರ ಈಗ ಔಷಧಿ ಅಂಗಡಿಯವರಿಗೂ ತಿಳಿಯುವುದಿಲ್ಲ. ಅದನ್ನು ಓದಬಲ್ಲವಳು ಸದ್ಯಕ್ಕೆ ನಾನೊಬ್ಬಳೇ.

ನಿಮ್ಮ ಪತ್ರ ಬಂದ ದಿನ ನನಗೆ ಒಂದು ಸಣ್ಣ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಆ ಚೀಟಿಗಳನ್ನು ತೋರಿಸದೆ ಇದ್ದಿದ್ದರೆ? ತಪ್ಪು ಅಲ್ಪವಿರಾಮಳ ಹೆಸರಿನಲ್ಲೇ ಇರುತ್ತಿತ್ತು, ನನ್ನ ಕಡತ ಸ್ವಚ್ಛವಾಗಿರುತ್ತಿತ್ತು. ಗಂಡ ಕೇಳಿದ, "ಬಾಯಿ ಮುಚ್ಕೊಂಡಿರಬಾರದಿತ್ತಾ?" ಅತ್ತೆ ಅವನನ್ನು ಗದರಿಸಿದರು: "ತನ್ನ ಕೂಸಿಗೆ ಮಚ್ಚೆ ಇದೆ ಅಂತ ಪಕ್ಕದವಳ ತೊಟ್ಟಿಲಲ್ಲಿ ಹಾಕಿ ಬರ್ತಾಳೇನೋ?" ನನ್ನ ಪರವಾಗಿ ಇದಕ್ಕಿಂತ ಚೆನ್ನಾಗಿ ವಾದಿಸಬಲ್ಲ ವಕೀಲರಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಿಮ್ಮ ಪತ್ರದ ಎರಡು ಪ್ಯಾರಾಗಳಲ್ಲಿ ಒಂದನ್ನು ಹೊಡೆದುಹಾಕಿ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ನಾನು ಹೇಳುತ್ತಿರುವುದಲ್ಲ, ವಾಕ್ಯಗಳೇ ಹೇಳುತ್ತಿವೆ. ಯಾವುದನ್ನು ಹೊಡೆಯಬೇಕೆಂದು ನನ್ನ ಅಭಿಪ್ರಾಯ ಕೇಳಿದರೆ, ಮೊದಲನೆಯದನ್ನು. ಎರಡನೆಯದು ಇರಲಿ. ದೋಷ ನನ್ನದೆಂದು ದಪ್ಪ ಅಕ್ಷರದಲ್ಲಿ ಬರೆದಿಡಿ, ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿದರೂ ಅಡ್ಡಿಯಿಲ್ಲ. ಆದರೆ ತಪ್ಪಿನ ಜೊತೆಗೆ ಪುಸ್ತಕವನ್ನೂ ಕೊಡಿ. ಬರುವ ತಿಂಗಳ ಒಂದಕ್ಕೆ ಮೊದಲು. ಆ ಎರಡು ಚೀಟಿಗಳು ನಿಮ್ಮ ಕಡತದಲ್ಲೇ ಇವೆ, ಹುಡುಕಲು ಕಷ್ಟವಾಗದು. ಹುಡುಕಿದ ಮೇಲೆ ನನಗೆ ಹಿಂದಿರುಗಿಸಿ. ಡಬ್ಬಿಯಲ್ಲಿ ಅವುಗಳ ಜಾಗ ಖಾಲಿ ಇದೆ.

ನಿಮ್ಮ ತೀರ್ಮಾನವನ್ನು ಕಾಯುವಷ್ಟು ಹೊತ್ತು ಓದುಗರನ್ನು ಕಾಯಿಸಲಾರೆ. ಈ ಪತ್ರವನ್ನು ಸಾರ್ವಜನಿಕವಾಗಿ ಬರೆಯಲು ನಿಜವಾದ ಕಾರಣ ನೀವಲ್ಲ, ಕ್ಷಮಿಸಿ. ಕೈಯಲ್ಲಿ ಕೂಸನ್ನೂ ಕೈಪಿಡಿಯನ್ನೂ ಹಿಡಿದು ನಿಂತಿರುವ ಅಕ್ಕತಂಗಿಯರೇ, ಒಂದು ಪೆನ್ಸಿಲ್ ತೆಗೆದುಕೊಂಡು ಪದಸೂಚಿಯಲ್ಲಿ ಹೀಗೆ ತಿದ್ದಿಕೊಳ್ಳಿ. ನಿದ್ದೆ: ಪುಟ ೬೧, ೯೪ರಿಂದ ೯೯. ವಿಶ್ರಾಂತಿ, ತಾಯಿಯದು: ಪುಟ ೧೦೨. ತೊಂಬತ್ತಾರನೇ ಪುಟದ ಎರಡನೇ ಪ್ಯಾರಾವನ್ನು ಮೊದಲು ಓದಿ; ಕೂಸಿನ ಮೂಗಿನ ಹತ್ತಿರ ಬೆರಳಿಡಬೇಡಿ ಎಂದು ಅಲ್ಲಿದೆ. ಆ ವಾಕ್ಯವನ್ನು ಉಳಿಸಿದವಳು ನಾನು. ಪಾಲಿಸಲು ಇನ್ನೂ ಆಗಿಲ್ಲ.

ಇಂತಿ,
ಸದ್ಯಕ್ಕೆ ತಪ್ಪಿಗೆ ಮಾತ್ರ ವಾರಸುದಾರಳಾಗಿ,
ಎದ್ದೇ ಇರುವ
ಒಬ್ಬ ಸಂಪಾದಕಿ